ಊರು ತಪ್ಪಿದರೂ ನಿಲುವು ತಪ್ಪದ ಸಯೀದ್



ಮದುವೆಯ ಸಂದರ್ಭದಲ್ಲಿ ಹೆಣ್ಣುಮಗಳಿಗೆ ಏನೇನೋ ಉಡುಗೊರೆಗಳು ಸಿಗುತ್ತವೆ. ಆದರೆ 1932ರಲ್ಲಿ ಹಿಲ್ದಾ ಎಂಬ ಫೆಲೆಸ್ತೀನಿ ಯುವತಿಗೆ ಮದುವೆಯ ನೋಂದಣಿ ಮುಗಿದ ಬೆನ್ನಿಗೇ ಸಿಕ್ಕಿದ್ದು ಹರಿದ ಪಾಸ್‌ಪೋರ್ಟ್! ಆಗ ಫೆಲೆಸ್ತೀನ್ ಬ್ರಿಟಿಷರ ಆಡಳಿತದಲ್ಲಿತ್ತು. ನೋಂದಣಿ ಕಚೇರಿಯ ಬ್ರಿಟಿಷ್ ಅಧಿಕಾರಿ ಆಕೆಯ ಪಾಸ್‌ಪೋರ್ಟನ್ನು ಕಣ್ಣೆದುರೇ ಹರಿದು ಹಾಕಿದ. ಇನ್ನು ಮುಂದೆ ಗಂಡನ ಪಾಸ್‌ಪೋರ್ಟಿನಲ್ಲಿ ಪ್ರಯಾಣ ಮಾಡಿದರಾಯಿತು ಎಂದ. ಆಕೆ ಪ್ರತಿಭಟಿಸಿದಾಗ, ಹೀಗೆ ತೆರವಾದ ಜಾಗದಲ್ಲಿ ಯುರೋಪಿನಿಂದ ಬರುವ ಯಹೂದಿ ವಲಸಿಗರೊಬ್ಬರಿಗೆ ಅವಕಾಶ ಮಾಡಿಕೊಡಬಹುದಲ್ಲ ಎಂಬ ಅರ್ಥದ ವಿವರಣೆಯನ್ನೂ ಕೊಟ್ಟ.

ಗಲ್ಫಿಗೆ ಹೋಗಿ ಬರುವವರಿರುವ ಮನೆಗಳಲ್ಲಿ ಪಾಸ್‌ಪೋರ್ಟಿನ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಕಪಾಟಿನಲ್ಲಿ ಒಡವೆಯ ಪಕ್ಕದಲ್ಲೇ ಅದಕ್ಕೂ ಜಾಗವಿರುತ್ತದೆ. ಹೀಗಿರುವಾಗ, 'ನೀನು ಈ ನಾಡಿನವಳು' ಎಂದು ಹೇಳುವ ಏಕೈಕ ಕಾಗದವನ್ನು ಪರದೇಶದ ಅಧಿಕಾರಿಯೊಬ್ಬ ನಮ್ಮದೇ ಊರಿನಲ್ಲಿ ಕುಳಿತು ಹರಿದು ಹಾಕಿದರೆ ಹೇಗಿರಬಹುದು? ಒಂದು ಜನಾಂಗವನ್ನು ಅದರ ನೆಲದಿಂದ ಹೊರಗಟ್ಟುವ ಕೆಲಸ 1948ರಲ್ಲಿ ಬಂದೂಕಿನಿಂದ ಆರಂಭವಾಯಿತು ಎಂದು ನಾವು ತಿಳಿದಿದ್ದೇವೆ. ಆದರೆ ಅದಕ್ಕೂ ಮೊದಲೇ ಅದು ಕಚೇರಿಯ ಮೇಜಿನ ಮೇಲೆ ಆರಂಭವಾಗಿತ್ತು.

ಈ ಘಟನೆಯನ್ನು ಜಗತ್ತಿಗೆ ತಿಳಿಸಿದ್ದು ಆ ತಾಯಿಯ ಮಗ. ಹೆಸರು ಎಡ್ವರ್ಡ್ ಸಯೀದ್. ಇಪ್ಪತ್ತನೆಯ ಶತಮಾನದ ಬಹುದೊಡ್ಡ ಚಿಂತಕರಲ್ಲಿ ಒಬ್ಬರು. ಅವರ ಹೆಸರನ್ನು ನಾವೆಲ್ಲ ಭಾಷಣಗಳಲ್ಲಿ, ಲೇಖನಗಳಲ್ಲಿ ಕೇಳಿದ್ದೇವೆ. ಇಸ್ಲಾಮಿನ ವಿರುದ್ಧ ಪಾಶ್ಚಾತ್ಯರು ಹಬ್ಬಿಸಿದ ಸುಳ್ಳುಗಳನ್ನು ಬಯಲಿಗೆಳೆದವರು ಎಂದು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅದು ನಿಜ. ಆದರೆ ಅವರ ಬದುಕನ್ನು ಪೂರ್ತಿಯಾಗಿ ನೋಡಿದರೆ ಬರೇ ಅಭಿಮಾನಪಟ್ಟು ಸುಮ್ಮನಾಗುವಂತಿಲ್ಲ. ಅವರು ನಮ್ಮನ್ನೂ ಕೆಲವು ಪ್ರಶ್ನೆ ಕೇಳುತ್ತಾರೆ.

ಸಯೀದ್ ಹುಟ್ಟಿದ್ದು 1935ರ ನವೆಂಬರ್ 1ರಂದು, ಜೆರುಸಲೇಮಿನ ತಲ್ಬಿಯಾ ಬಡಾವಣೆಯ ಮನೆಯಲ್ಲಿ. ಕುಟುಂಬ ಕ್ರೈಸ್ತ ಧರ್ಮದ್ದು. ತಂದೆ ವದೀ ಜೆರುಸಲೇಮಿನವರು, ತಾಯಿ ನಝರೇತಿನವರು. ತಂದೆಯ ವ್ಯಾಪಾರ ಕೈರೋದಲ್ಲಿತ್ತು. ಕಾಗದ, ಲೇಖನ ಸಾಮಗ್ರಿ, ಕಚೇರಿ ಉಪಕರಣಗಳ ದೊಡ್ಡ ವಹಿವಾಟು. ಮೊದಲ ಮಗು ಕೈರೋದ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರಿಂದ ಎರಡನೆಯ ಹೆರಿಗೆ ಊರಿನಲ್ಲೇ ಆಗಲಿ ಎಂದು ದಂಪತಿಗಳು ಜೆರುಸಲೇಮಿಗೆ ಬಂದಿದ್ದರು. ಹೆರಿಗೆ ಮಾಡಿಸಿದ ಸೂಲಗಿತ್ತಿ ಓರ್ವ ಯಹೂದಿ ಮಹಿಳೆ. ಕ್ರೈಸ್ತ ತಾಯಿ, ಯಹೂದಿ ಸೂಲಗಿತ್ತಿ, ಸುತ್ತಮುತ್ತ ಮುಸ್ಲಿಮರು... ಆ ನಾಡು ಆಗ ಹಾಗಿತ್ತು.

1947ರ ನವೆಂಬರ್ 29ರಂದು ವಿಶ್ವಸಂಸ್ಥೆ ಫೆಲೆಸ್ತೀನನ್ನು ವಿಭಜಿಸುವ ನಿರ್ಣಯ ಕೈಗೊಂಡಿತು. ಮರು ತಿಂಗಳು ಡಿಸೆಂಬರಿನಲ್ಲಿ ಸಯೀದರ ಕುಟುಂಬ ಜೆರುಸಲೇಮ್ ಬಿಟ್ಟು ಕೈರೋಗೆ ಹೊರಟಿತು. ಬಾಲಕನಿಗೆ ಆಗ 12 ವರ್ಷ. ಕೆಲವೇ ತಿಂಗಳಲ್ಲಿ ಅವರ ಬಂಧುಬಳಗದವರೆಲ್ಲ ಚದುರಿ ಹೋದರು. 1948ರಲ್ಲಿ ಮನೆಮಠ ಕಳೆದುಕೊಂಡ ಫೆಲೆಸ್ತೀನಿಯರ ಸಂಖ್ಯೆ 7 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಅನೇಕರು ಡೇರೆಗಳ ಪಾಲಾದರು. ಸಯೀದರ ಕುಟುಂಬಕ್ಕೆ ಕೈರೋದಲ್ಲಿ ಮನೆಯೂ ಇತ್ತು, ಹಣವೂ ಇತ್ತು. ತನ್ನ ನೋವನ್ನು ನಿರಾಶ್ರಿತ ಶಿಬಿರದವರ ನೋವಿಗೆ ಸಮವೆಂದು ಸಯೀದ್ ಯಾವತ್ತೂ ಹೇಳಿಕೊಳ್ಳಲಿಲ್ಲ.

ಓದುಗರೇ, ಇಲ್ಲಿ ಒಬ್ಬ ಮಹಿಳೆಯನ್ನು ನಿಮಗೆ ಪರಿಚಯಿಸಲೇಬೇಕು. ಸಯೀದರ ಸೋದರತ್ತೆ ನಬೀಹಾ. ವಿಧವೆ. ತಾನೂ ಊರು ಬಿಟ್ಟು ಬಂದವರು. ಕೈರೋಗೆ ಬಂದು ಸೇರುತ್ತಿದ್ದ ಫೆಲೆಸ್ತೀನಿ ನಿರಾಶ್ರಿತರಿಗಾಗಿ ಈ ಮಹಿಳೆ ದಿನವಿಡೀ ಓಡಾಡುತ್ತಿದ್ದರು. ಒಬ್ಬರಿಗೆ ಔಷಧ, ಮತ್ತೊಬ್ಬರಿಗೆ ಕೆಲಸ, ಮಕ್ಕಳಿಗೆ ಶಾಲೆ, ಇನ್ಯಾರಿಗೋ ಸರಕಾರಿ ಕಾಗದ ಎಂದು ಕಚೇರಿ, ಆಸ್ಪತ್ರೆಗಳ ಬಾಗಿಲು ಬಡಿಯುತ್ತಿದ್ದರು. ಅವರ ಹಿಂದೆ ಸಂಘವಿರಲಿಲ್ಲ, ಸಂಸ್ಥೆಯಿರಲಿಲ್ಲ. ಮನೆಯಲ್ಲಿ ತಂದೆತಾಯಿ ಫೆಲೆಸ್ತೀನಿನ ಬಗ್ಗೆ ಮಕ್ಕಳೆದುರು ಹೆಚ್ಚು ಮಾತಾಡುತ್ತಿರಲಿಲ್ಲ. ನಿರಾಶ್ರಿತನೆಂದರೆ ಯಾರೆಂದು ಹುಡುಗನಿಗೆ ಕಲಿಸಿದ್ದು ಈ ಅತ್ತೆ. ಆಕೆಗೆ ನೆರವಾಗುತ್ತಿದ್ದ ಫರೀದ್ ಹದ್ದಾದ್ ಎಂಬ ವೈದ್ಯ ಬಡ ರೋಗಿಗಳಿಂದ ಹಣ ಪಡೆಯುತ್ತಿರಲಿಲ್ಲ. ಕಮ್ಯುನಿಸ್ಟನೆಂದು ಬಂಧಿತನಾದ ಆತ 1959ರಲ್ಲಿ ಈಜಿಪ್ಟಿನ ಸೆರೆಮನೆಯಲ್ಲಿ ಪ್ರಾಣ ಬಿಟ್ಟ. ಸಯೀದ್ ಪ್ರಪಂಚದ ಎಷ್ಟೋ ದೊಡ್ಡವರನ್ನು ಕಂಡರು. ಆದರೆ ಕೊನೆಯವರೆಗೂ ಈ ಇಬ್ಬರನ್ನು ಮರೆಯಲಿಲ್ಲ.

ಇನ್ನು ಶಾಲೆಯ ವಿಷಯ. ಕೈರೋದ ವಿಕ್ಟೋರಿಯಾ ಕಾಲೇಜು ಬ್ರಿಟಿಷರ ಮಾದರಿಯ ಶಾಲೆ. ಅಲ್ಲಿ ಅರಬಿ ಮಾತಾಡಿದರೆ ಶಿಕ್ಷೆ! ಹೆಚ್ಚಿನ ಹುಡುಗರ ಮನೆಮಾತು ಅರಬಿ. ಊರೂ ಅರಬರ ಊರು. ಆದರೆ ಶಾಲೆಯೊಳಗೆ ತಾಯಿಯ ಭಾಷೆ ಅಪರಾಧ. ತುಂಟ ಹುಡುಗರು ಬೇಕೆಂದೇ ಅರಬಿಯಲ್ಲಿ ಮಾತಾಡುತ್ತಿದ್ದರಂತೆ. ಅವರಲ್ಲಿ ಸಯೀದ್ ಕೂಡಾ ಇದ್ದರು. 1951ರಲ್ಲಿ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ತಂದೆ ಮಗನನ್ನು ಅಮೆರಿಕದ ವಸತಿ ಶಾಲೆಗೆ ಕಳಿಸಿದರು. ಅಲ್ಲಿಂದ ಪ್ರಿನ್ಸ್‌ಟನ್, ಬಳಿಕ ಹಾರ್ವರ್ಡ್. 1963ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿ ಸೇರಿದವರು ಕೊನೆಯುಸಿರಿನವರೆಗೆ ಅಲ್ಲೇ ಪಾಠ ಮಾಡಿದರು. ಕಲಿಸುತ್ತಿದ್ದುದು ಇಂಗ್ಲಿಷ್ ಮತ್ತು ತೌಲನಿಕ ಸಾಹಿತ್ಯ.

ಹೆಸರನ್ನೇ ನೋಡಿ. ಎಡ್ವರ್ಡ್ ಎಂಬುದು ಬ್ರಿಟನ್ನಿನ ಯುವರಾಜನ ಹೆಸರು. ಸಯೀದ್ ಎಂಬುದು ಅಪ್ಪಟ ಅರಬಿ. ಈ ಎರಡು ಹೆಸರುಗಳ ನಡುವೆ ತಾನು ಎಲ್ಲಿಯವನು ಎಂಬ ಪ್ರಶ್ನೆ ಅವರನ್ನು ಜೀವನವಿಡೀ ಕಾಡಿತು. 1967ರ ಜೂನಿನವರೆಗೆ ಅವರು ತನ್ನ ಪಾಡಿಗೆ ತಾನು ಸಾಹಿತ್ಯ ಕಲಿಸುತ್ತಿದ್ದ ಪ್ರಾಧ್ಯಾಪಕ. ಆ ತಿಂಗಳ ಆರು ದಿನಗಳ ಯುದ್ಧದಲ್ಲಿ ಪೂರ್ವ ಜೆರುಸಲೇಮ್, ಪಶ್ಚಿಮ ದಂಡೆ, ಗಾಝಾ ಎಲ್ಲವೂ ಇಸ್ರೇಲಿನ ವಶವಾಯಿತು. ಸಯೀದ್ ಬದಲಾದರು. 1970ರಲ್ಲಿ ಲೆಬನಾನಿನ ಮರ್ಯಮ್ ಕೊರ್ತಾಸರನ್ನು ಮದುವೆಯಾದರು. 1972-73ರಲ್ಲಿ ಬೈರೂತಿನಲ್ಲಿ ಒಂದು ವರ್ಷ ತಂಗಿ, ಶಾಲೆಯಲ್ಲಿ ನಿಷಿದ್ಧವಾಗಿದ್ದ ತನ್ನ ಅರಬಿಯನ್ನು ಮತ್ತೆ ವಿದ್ಯಾರ್ಥಿಯಂತೆ ಕುಳಿತು ಕಲಿತರು. ಹೆಸರಾಂತ ಪ್ರಾಧ್ಯಾಪಕನೊಬ್ಬ ನಡುವಯಸ್ಸಿನಲ್ಲಿ ವ್ಯಾಕರಣದ ಪಾಠಕ್ಕೆ ಕೂರುವುದೆಂದರೆ ಸಣ್ಣ ಮಾತಲ್ಲ.

1978ರಲ್ಲಿ ಅವರ 'ಓರಿಯೆಂಟಲಿಸಂ' ಪ್ರಕಟವಾಯಿತು. ಹಲವಾರು ಭಾಷೆಗಳಿಗೆ ಅನುವಾದಗೊಂಡ ಈ ಗ್ರಂಥದ ತಿರುಳನ್ನು ಸರಳವಾಗಿ ಹೀಗೆ ಹೇಳಬಹುದು: ಯುರೋಪಿನವರು ಪೂರ್ವದ ಜನರ ಬಗ್ಗೆ ಶತಮಾನಗಳಿಂದ ಬರೆದ ಪ್ರವಾಸ ಕಥನ, ಕಾದಂಬರಿ, ಸಂಶೋಧನೆ ಎಲ್ಲದರಲ್ಲೂ ಒಂದೇ ಚಿತ್ರ ಮರುಕಳಿಸುತ್ತದೆ. ಪೂರ್ವದವನು ಸೋಮಾರಿ, ಮೂಢ, ಕ್ರೂರಿ, ವಿಲಾಸಿ. ತನ್ನನ್ನು ತಾನು ಆಳಿಕೊಳ್ಳಲಾರದವನು. ಇಂಥವನನ್ನು ಆಳುವುದು ಉಪಕಾರವಲ್ಲವೇ? ಹೀಗೆ ಪುಸ್ತಕ ಸೈನ್ಯಕ್ಕೆ ದಾರಿ ಮಾಡಿತು, ಸೈನ್ಯ ಪುಸ್ತಕಕ್ಕೆ ಆಸರೆಯಾಯಿತು. ಜ್ಞಾನ ಮತ್ತು ಅಧಿಕಾರ ಒಂದಕ್ಕೊಂದು ಹೇಗೆ ಹೆಗಲು ಕೊಡುತ್ತವೆ ಎಂಬುದನ್ನು ಅವರು ಪುಟಪುಟಗಳಲ್ಲೂ ತೋರಿಸಿದರು.

1981ರಲ್ಲಿ ಬಂದ 'ಕವರಿಂಗ್ ಇಸ್ಲಾಮ್' ಇದೇ ಪರೀಕ್ಷೆಯನ್ನು ಪತ್ರಿಕೆ, ಟಿವಿಗಳಿಗೆ ಒಡ್ಡಿತು. ಇರಾನಿನ ಕ್ರಾಂತಿಯ ಬಳಿಕ ಅಮೆರಿಕದ ಮಾಧ್ಯಮಗಳು ಕೋಟ್ಯಂತರ ಮುಸ್ಲಿಮರನ್ನು, ಹತ್ತಾರು ದೇಶ ಭಾಷೆಗಳನ್ನು 'ಇಸ್ಲಾಮ್' ಎಂಬ ಒಂದೇ ಭಯದ ಗಂಟಿನಲ್ಲಿ ಕಟ್ಟಿಬಿಟ್ಟಿದ್ದವು. 1995ರ ಏಪ್ರಿಲ್ 19ರಂದು ಒಕ್ಲಹಾಮಾ ನಗರದಲ್ಲಿ ಬಾಂಬ್ ಸಿಡಿದು 168 ಮಂದಿ ಸತ್ತಾಗ ಏನಾಯಿತು? ಹೊಗೆ ಆರುವ ಮೊದಲೇ ಸಂಶಯದ ಬೆರಳು ಮುಸ್ಲಿಮರತ್ತ ತಿರುಗಿತು. ಅಪರಾಧಿ ತಿಮೋತಿ ಮೆಕ್‌ವೇ ಎಂಬ ಅಮೆರಿಕದ ಮಾಜಿ ಸೈನಿಕ! ಸಯೀದ್ ಹದಿನಾಲ್ಕು ವರ್ಷ ಮೊದಲೇ ಹೇಳಿದ್ದು ಇದನ್ನೇ. ಗಮನಿಸಿ, ಇದನ್ನು ಹೇಳಿದವರು ಮುಸ್ಲಿಮರಲ್ಲ. ಇಸ್ಲಾಮಿನ ನಾಗರಿಕತೆಯೊಳಗೆ ಬೆಳೆದ ಓರ್ವ ಕ್ರೈಸ್ತ. ಧಾರ್ಮಿಕ ಆಚರಣೆಗಳಿಂದಲೂ ದೂರವೇ ಇದ್ದವರು. ಹಾಗಿದ್ದೂ ಸುಳ್ಳು ಕಂಡಾಗ ಅದು ಯಾರ ವಿರುದ್ಧದ ಸುಳ್ಳು ಎಂದು ಅವರು ನೋಡಲಿಲ್ಲ.

ಇದಕ್ಕೆ ಅವರು ತೆತ್ತ ಬೆಲೆಯೂ ಸಣ್ಣದಲ್ಲ. ಕೊಲೆ ಬೆದರಿಕೆಗಳು ಬಂದವು. 1985ರಲ್ಲಿ ವಿಶ್ವವಿದ್ಯಾಲಯದ ಅವರ ಕಚೇರಿಗೆ ಬೆಂಕಿ ಹಚ್ಚಲಾಯಿತು. 2000ದ ಜುಲೈಯಲ್ಲಿ, ಇಸ್ರೇಲಿ ಸೈನ್ಯ ಹಿಮ್ಮೆಟ್ಟಿದ ದಕ್ಷಿಣ ಲೆಬನಾನಿನ ಗಡಿಯಲ್ಲಿ ಅವರು ಒಂದು ಕಲ್ಲೆಸೆದ ಚಿತ್ರ ಪತ್ರಿಕೆಗಳಲ್ಲಿ ಬಂದಾಗ ದೊಡ್ಡ ಗದ್ದಲವೆದ್ದಿತು. ಕ್ರಮ ಕೈಗೊಳ್ಳಬೇಕೆಂಬ ಒತ್ತಾಯಕ್ಕೆ ಕೊಲಂಬಿಯಾ ವಿಶ್ವವಿದ್ಯಾಲಯ ಆಗ ಮಣಿಯಲಿಲ್ಲ. ಆದರೆ ಮರುವರ್ಷ ವಿಯೆನ್ನಾದಲ್ಲಿ ನಡೆಯಬೇಕಿದ್ದ ಅವರ ಉಪನ್ಯಾಸವನ್ನು ಸಂಘಟಕರು ರದ್ದುಪಡಿಸಿದರು.

ಇಲ್ಲಿಯವರೆಗಿನ ಕಥೆ ಕೇಳಲು ನಮಗೆಲ್ಲರಿಗೂ ಇಷ್ಟ. ಆದರೆ ಸಯೀದ್ ಇಷ್ಟಕ್ಕೇ ನಿಲ್ಲಲಿಲ್ಲ.

1977ರಿಂದ 1991ರವರೆಗೆ ಅವರು ಫೆಲೆಸ್ತೀನ್ ರಾಷ್ಟ್ರೀಯ ಮಂಡಳಿಯ ಸದಸ್ಯರಾಗಿದ್ದರು. ಯಾಸಿರ್ ಅರಫಾತರಿಗೆ ಹತ್ತಿರದವರು. 1993ರ ಸೆಪ್ಟೆಂಬರ್ 13ರಂದು ವಾಷಿಂಗ್ಟನ್‌ನಲ್ಲಿ ಅರಫಾತ್ ಮತ್ತು ಇಸ್ರೇಲಿ ಪ್ರಧಾನಿ ರಬಿನ್ ಕೈಕುಲುಕಿದಾಗ ಜಗತ್ತೇ ಚಪ್ಪಾಳೆ ತಟ್ಟಿತು. ಫೆಲೆಸ್ತೀನಿಯರೂ ಸಂಭ್ರಮಿಸಿದರು. ಸಯೀದ್ ಮಾತ್ರ ಒಪ್ಪಂದವನ್ನು ಓದಿದರು! ಅದರಲ್ಲಿ ಪಿಎಲ್‌ಒ ಇಸ್ರೇಲ್ ರಾಷ್ಟ್ರವನ್ನು ಮಾನ್ಯ ಮಾಡಿತ್ತು. ಇಸ್ರೇಲ್ ಮಾನ್ಯ ಮಾಡಿದ್ದು ಪಿಎಲ್‌ಒ ಎಂಬ ಸಂಘಟನೆಯನ್ನು ಮಾತ್ರ, ಫೆಲೆಸ್ತೀನ್ ರಾಷ್ಟ್ರವನ್ನಲ್ಲ. ಜೆರುಸಲೇಮ್, ನಿರಾಶ್ರಿತರ ಮರಳುವ ಹಕ್ಕು, ಯಹೂದಿ ವಸತಿಗಳು, ಗಡಿ ಎಲ್ಲವನ್ನೂ ಮುಂದಕ್ಕೆ ಹಾಕಲಾಗಿತ್ತು. ಇದು ಶಾಂತಿಯಲ್ಲ, ಶರಣಾಗತಿ ಎಂದು ಅವರು ಬರೆದರು. ಪರಿಣಾಮ? 1996ರಲ್ಲಿ ಫೆಲೆಸ್ತೀನ್ ಪ್ರಾಧಿಕಾರವೇ ಅವರ ಪುಸ್ತಕಗಳನ್ನು ಅಂಗಡಿಗಳಿಂದ ಮುಟ್ಟುಗೋಲು ಹಾಕಿಕೊಂಡಿತು. ಯಾರಿಗಾಗಿ ಬರೆದರೋ ಅವರ ನೆಲದಲ್ಲೇ ಪುಸ್ತಕಕ್ಕೆ ನಿಷೇಧ!

ಕಾಲ ಯಾರ ಮಾತನ್ನು ನಿಜ ಮಾಡಿತೆಂದು ನೋಡಿ. ಓಸ್ಲೋ ಒಪ್ಪಂದದ ಹೊತ್ತಿಗೆ, ಪೂರ್ವ ಜೆರುಸಲೇಮನ್ನು ಬಿಟ್ಟು, ಪಶ್ಚಿಮ ದಂಡೆಯಲ್ಲಿದ್ದ ಯಹೂದಿ ವಸತಿಗರ ಸಂಖ್ಯೆ 1 ಲಕ್ಷಕ್ಕಿಂತ ತುಸು ಹೆಚ್ಚು. ಮೂವತ್ತು ವರ್ಷಗಳ ಬಳಿಕ ಅದು 5 ಲಕ್ಷವನ್ನು ಮೀರಿತ್ತು. ಮುಂದಕ್ಕೆ ಹಾಕಿದ ಪ್ರಶ್ನೆಗಳು ಮುಂದಕ್ಕೇ ಉಳಿದವು.

ಅರಬ್ ದೇಶಗಳ ಸರ್ವಾಧಿಕಾರಿಗಳನ್ನೂ ಸಯೀದ್ ಬಿಡಲಿಲ್ಲ. ಫೆಲೆಸ್ತೀನಿನ ಹೆಸರು ಹೇಳಿ ಸ್ವಂತ ಪ್ರಜೆಗಳ ಬಾಯಿ ಮುಚ್ಚಿಸುವವರನ್ನು ಅರಬಿ ಪತ್ರಿಕೆಗಳಲ್ಲೇ ಟೀಕಿಸಿದರು. ನಾಗರಿಕರ ಮೇಲಿನ ಆತ್ಮಹತ್ಯಾ ಬಾಂಬ್ ದಾಳಿಗಳು ತಪ್ಪೆಂದು ನೇರವಾಗಿ ಹೇಳಿದರು. ನಾಝಿಗಳು ಯಹೂದಿಗಳ ಮೇಲೆ ನಡೆಸಿದ ನರಮೇಧವೇ ಸುಳ್ಳೆಂದು ವಾದಿಸುವವರ ಸಮ್ಮೇಳನ 2001ರಲ್ಲಿ ಬೈರೂತಿನಲ್ಲಿ ನಡೆಯಲಿದ್ದಾಗ ಅದನ್ನು ವಿರೋಧಿಸಿದ 14 ಅರಬ್ ಬುದ್ಧಿಜೀವಿಗಳಲ್ಲಿ ಸಯೀದ್ ಒಬ್ಬರು. ಕವಿ ಮಹಮೂದ್ ದರ್ವೀಶ್ ಕೂಡಾ ಅವರೊಂದಿಗಿದ್ದರು. ನಮ್ಮ ನೋವನ್ನು ಜಗತ್ತು ನೋಡಬೇಕೆಂದಾದರೆ ಇನ್ನೊಬ್ಬರ ನೋವನ್ನು ನಾವು ಅಲ್ಲಗಳೆಯಬಾರದು ಎಂಬುದು ಅವರ ನಿಲುವು. ರಶ್ದಿ ವಿವಾದದಲ್ಲಿ ಅವರು ಲೇಖಕನ ಪರವಾಗಿ ನಿಂತದ್ದು ನಮ್ಮಲ್ಲಿ ಹೆಚ್ಚಿನವರಿಗೆ ಒಪ್ಪಿಗೆಯಾಗದು. ಆಗಬೇಕೆಂದೂ ಇಲ್ಲ. ಆದರೆ ನಮ್ಮ ಮೆಚ್ಚುಗೆಗಾಗಿ ಮಾತು ಬದಲಿಸುವ ಮನುಷ್ಯ ಅವರಲ್ಲವೆಂಬುದಕ್ಕೆ ಅದೂ ಒಂದು ಸಾಕ್ಷಿ.

1993ರಲ್ಲಿ ಬಿಬಿಸಿಯ ರೀತ್ ಉಪನ್ಯಾಸ ಮಾಲಿಕೆಯಲ್ಲಿ ಅವರು ಬುದ್ಧಿಜೀವಿ ಎಂದರೆ ಯಾರು ಎಂಬ ಪ್ರಶ್ನೆಯನ್ನೇ ಎತ್ತಿಕೊಂಡರು. ಬುದ್ಧಿಜೀವಿ ಎಂಬ ಪದ ನಮ್ಮಲ್ಲಿ ಈಗ ಬೈಗುಳವಾಗಿದೆ. ಸಯೀದರ ಪ್ರಕಾರ, ಅಧಿಕಾರದಲ್ಲಿರುವವರ ಮುಂದೆ ಸತ್ಯ ಹೇಳುವುದು ಅವನ ಕೆಲಸ. ಅಂಥವನು ಮನಸ್ಸಿನಲ್ಲಿ ಯಾವಾಗಲೂ ಒಂದಿಷ್ಟು ಪರದೇಶಿಯಾಗಿಯೇ ಇರಬೇಕಾಗುತ್ತದೆ. ಪೂರ್ತಿ ಒಳಗಿನವನಾದರೆ ಸ್ಥಾನಮಾನದ ಆಸೆ ನಾಲಗೆಯನ್ನು ಹಿಡಿಯುತ್ತದೆ. ಊರು ಕಳೆದುಕೊಂಡ ದುಃಖದಿಂದಲೇ ಅವರು ಈ ಲಾಭವನ್ನು ಹೆಕ್ಕಿಕೊಂಡರು. ಹಾಗೆಂದು ದೇಶಭ್ರಷ್ಟ ಬದುಕು ಚೆಂದವೆಂದು ಅವರೆಂದೂ ಬಣ್ಣಿಸಲಿಲ್ಲ. ಅದು ಮಾಯದ ಗಾಯವೆಂಬುದನ್ನು ಬಲ್ಲವರಾಗಿದ್ದರು.

ಆ ಗಾಯ ಎಂಥದ್ದೆಂದು ಅವರ ಮನೆಯವರ ಅಂತ್ಯವನ್ನು ನೋಡಿದರೆ ತಿಳಿಯುತ್ತದೆ. ತಂದೆ 1971ರಲ್ಲಿ ತೀರಿಕೊಂಡರು. ಲೆಬನಾನಿನ ಒಂದು ಬೆಟ್ಟದೂರಿನಲ್ಲಿ ಕುಟುಂಬ ವರ್ಷವರ್ಷವೂ ಬೇಸಗೆ ಕಳೆಯುತ್ತಿತ್ತು. ಅಲ್ಲೇ ದಫನವಾಗಬೇಕೆಂಬುದು ಅವರ ಆಸೆ. ಆದರೆ ಆ ಊರಿನಲ್ಲಿ ಗೋರಿಗೆ ಬೇಕಾದಷ್ಟು ಜಾಗ ಮಾರಲು ಯಾರೂ ಮುಂದೆ ಬರಲಿಲ್ಲ. ಎಷ್ಟು ವರ್ಷ ಬಂದು ಹೋದರೂ ಅವರು ಹೊರಗಿನವರೇ! ತಾಯಿ 1990ರಲ್ಲಿ ಅಮೆರಿಕದಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಅವರು ಸಾವಿನ ಹಾಸಿಗೆಯಲ್ಲಿದ್ದಾಗ ವೀಸಾ ಅವಧಿ ಮೀರಿದೆಯೆಂದು ಗಡೀಪಾರಿನ ಮೊಕದ್ದಮೆ ನಡೆಯುತ್ತಿತ್ತು. ಕೊನೆಗೆ ನ್ಯಾಯಾಧೀಶರೇ ಅದನ್ನು ವಜಾ ಮಾಡಿದರು. ಮದುವೆಯಂದು ಪಾಸ್‌ಪೋರ್ಟ್ ಕಳೆದುಕೊಂಡ ಹೆಣ್ಣುಮಗಳನ್ನು ಕಾಗದ ಕೊನೆಯ ದಿನದವರೆಗೂ ಬಿಡಲಿಲ್ಲ.

1991ರ ಸೆಪ್ಟೆಂಬರಿನಲ್ಲಿ ಸಯೀದರಿಗೆ ರಕ್ತದ ಕ್ಯಾನ್ಸರ್ ಇರುವುದು ಗೊತ್ತಾಯಿತು. ಮರುವರ್ಷ ಪತ್ನಿ ಮರ್ಯಮ್, ಮಗ ವದೀ, ಮಗಳು ನಜ್ಲಾರೊಂದಿಗೆ ಜೆರುಸಲೇಮಿಗೆ ಹೋದರು. 45 ವರ್ಷಗಳ ಬಳಿಕದ ಭೇಟಿ. ತಲ್ಬಿಯಾದ ಮನೆ ಹಾಗೇ ಇತ್ತು. ಆದರೆ ಅದರೊಳಗೆ ಇಸ್ರೇಲನ್ನು ಬೆಂಬಲಿಸುವ ಒಂದು ಕ್ರೈಸ್ತ ಸಂಘಟನೆಯ ಕಚೇರಿಯಿತ್ತು. ಒಳಗೆ ಹೋಗೋಣವೇ ಎಂದು ಮಗಳು ಕೇಳಿದರೂ ಅವರಿಗೆ ಮನಸ್ಸಾಗಲಿಲ್ಲ. ತಾನು ಹುಟ್ಟಿದ ಕೋಣೆಯ ಕಿಟಕಿಯನ್ನು ಮಕ್ಕಳಿಗೆ ಹೊರಗಿನಿಂದಲೇ ತೋರಿಸಿದರು.

1994ರಲ್ಲಿ, ಚಿಕಿತ್ಸೆಯ ನಡುನಡುವೆ ಅವರು ಆತ್ಮಕಥೆ ಬರೆಯಲು ಕುಳಿತರು. 'ಔಟ್ ಆಫ್ ಪ್ಲೇಸ್' ಎಂಬ ಆ ಕೃತಿ 1999ರಲ್ಲಿ ಬೆಳಕು ಕಂಡಿತು. ಅದನ್ನು ಅವರು ಅರ್ಪಿಸಿದ್ದು ಇಬ್ಬರಿಗೆ. ಒಬ್ಬರು ಪತ್ನಿ ಮರ್ಯಮ್, ಇನ್ನೊಬ್ಬರು ತನಗೆ ಚಿಕಿತ್ಸೆ ನೀಡುತ್ತಿದ್ದ ಭಾರತ ಮೂಲದ ವೈದ್ಯ ಕಾಂತಿ ರೈ. ಫೆಲೆಸ್ತೀನಿ ಕ್ರೈಸ್ತನಿಗೆ ನ್ಯೂಯಾರ್ಕಿನ ಯಹೂದಿ ಹೆಸರಿನ ಆಸ್ಪತ್ರೆಯಲ್ಲಿ ಭಾರತೀಯ ವೈದ್ಯನ ಚಿಕಿತ್ಸೆ! ಕಾಯಿಲೆ ಜೊತೆಗಿದ್ದಾಗಲೇ ಅವರು, ಯಹೂದಿ ಸಂಗೀತಗಾರ ಡೇನಿಯಲ್ ಬರೆನ್‌ಬೋಯಿಮ್ ಜೊತೆಗೂಡಿ ಅರಬ್ ಮತ್ತು ಇಸ್ರೇಲಿ ಯುವಕ ಯುವತಿಯರ ವಾದ್ಯಮೇಳವನ್ನು 1999ರಲ್ಲಿ ಜರ್ಮನಿಯಲ್ಲಿ ಆರಂಭಿಸಿದರು. ಅದೇ ವರ್ಷ, ಈ ನೆಲದಲ್ಲಿ ಎರಡೂ ಜನಾಂಗಗಳು ಸಮಾನ ಹಕ್ಕಿನ ಪ್ರಜೆಗಳಾಗಿ ಒಂದೇ ರಾಷ್ಟ್ರದಲ್ಲಿ ಬಾಳಬೇಕೆಂಬ ವಾದವನ್ನು ಬಹಿರಂಗವಾಗಿ ಮಂಡಿಸಿದರು. ಎರಡು ಕಡೆಯವರಿಂದಲೂ ಬೈಸಿಕೊಂಡರು. 2003ರ ಸೆಪ್ಟೆಂಬರ್ 25ರಂದು ನ್ಯೂಯಾರ್ಕಿನಲ್ಲಿ ನಿಧನರಾದಾಗ ಅವರಿಗೆ 67 ವರ್ಷ. ಚಿತಾಭಸ್ಮವನ್ನು ಲೆಬನಾನಿನ ಬ್ರುಮ್ಮಾನಾದಲ್ಲಿ ಹೂಳಲಾಯಿತು. ಜೆರುಸಲೇಮಿನಲ್ಲಲ್ಲ.

ಅವರು ಹೋದ ಬಳಿಕದ ವರ್ಷಗಳಲ್ಲಿ ಏನೇನಾಯಿತೆಂದು ನಿಮಗೆ ಗೊತ್ತು. 2023ರ ಅಕ್ಟೋಬರ್ 7ರ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಮಂದಿ ಸತ್ತರು. ಬಳಿಕ ಗಾಝಾದ ಮೇಲೆ ನಡೆದ ಯುದ್ಧದಲ್ಲಿ, ಅಲ್ಲಿನ ಆರೋಗ್ಯ ಇಲಾಖೆಯ ಪ್ರಕಾರ, 2025ರ ಹೊತ್ತಿಗೆ ಸತ್ತವರ ಸಂಖ್ಯೆ 60 ಸಾವಿರವನ್ನು ದಾಟಿತ್ತು. 2024ರ ಏಪ್ರಿಲಿನಲ್ಲಿ ಇದೇ ಕೊಲಂಬಿಯಾ ವಿಶ್ವವಿದ್ಯಾಲಯದ ಹುಲ್ಲುಹಾಸಿನ ಮೇಲೆ ವಿದ್ಯಾರ್ಥಿಗಳು ಡೇರೆ ಹಾಕಿ ಪ್ರತಿಭಟಿಸಿದರು. ಅವರಲ್ಲಿ ಯಹೂದಿ ವಿದ್ಯಾರ್ಥಿಗಳೂ ಇದ್ದರು. ಒಂದು ಕಟ್ಟಡಕ್ಕೆ ಗಾಝಾದಲ್ಲಿ ಹತ್ಯೆಯಾದ ಪುಟ್ಟ ಬಾಲಕಿ ಹಿಂದ್ ರಜಬಳ ಹೆಸರಿಟ್ಟರು. ವಿಶ್ವವಿದ್ಯಾಲಯ ಈ ಬಾರಿ ಪೊಲೀಸರನ್ನು ಕರೆಯಿತು. ಸಯೀದರ ಕಲ್ಲಿನ ವಿಷಯದಲ್ಲಿ 2000ದಲ್ಲಿ ದೃಢವಾಗಿ ನಿಂತ ಸಂಸ್ಥೆಯೇ ಇದು!

ಓದುಗರೇ, ಫೆಲೆಸ್ತೀನಿನ ಸುದ್ದಿ ಬಂದಾಗ ನಮ್ಮ ಮನೆಗಳಲ್ಲಿ ಕಣ್ಣೀರಿದೆ, ಪ್ರಾರ್ಥನೆಯಿದೆ. ಅದು ಇರಲಿ. ಅದರ ಜೊತೆಗೆ ಮೂರು ಪ್ರಶ್ನೆಗಳನ್ನು ನಾವು ಕೇಳಿಕೊಳ್ಳೋಣ. ಒಂದು: ನಮ್ಮ ಬಗ್ಗೆ ಇತರರು ಬರೆದ ಸುಳ್ಳಿಗೆ ಸಿಟ್ಟಾಗುವ ನಾವು, ನಮ್ಮ ಬಗ್ಗೆ ನಾವೇ ಬರೆಯಲು, ಓದಲು, ಮಕ್ಕಳನ್ನು ಓದಿಸಲು ಎಷ್ಟು ಸಮಯ ಕೊಟ್ಟಿದ್ದೇವೆ? ಎರಡು: ಬೇರೆ ಸಮುದಾಯದವರ ವಿರುದ್ಧ ಸುಳ್ಳು ಹಬ್ಬಿದಾಗ, ಕ್ರೈಸ್ತನಾದ ಸಯೀದ್ ಮುಸ್ಲಿಮರ ಪರವಾಗಿ ಮಾತಾಡಿದಂತೆ, ನಾವು ಮಾತಾಡಿದ್ದೇವೆಯೇ? ಮೂರು: ನಮ್ಮವರೇ ತಪ್ಪು ಮಾಡಿದಾಗ? ನಮ್ಮ ಜಮಾಅತಿನಲ್ಲಿ, ನಮ್ಮ ಸಂಘಟನೆಯಲ್ಲಿ, ನಮ್ಮ ಮನೆಯ ಆಸ್ತಿ ಪಾಲಿನಲ್ಲಿ ಹೆಣ್ಣುಮಗಳಿಗೆ ಅನ್ಯಾಯವಾದಾಗ ಎದ್ದು ನಿಂತು ಹೇಳಿದವರನ್ನು ನಾವು ಏನೆಂದು ಕರೆದೆವು?

ನ್ಯಾಯದ ವಿಷಯದಲ್ಲಿ ತನ್ನವರು, ಪರರು ಎಂದು ನೋಡಬಾರದೆಂಬುದು ನಮಗೆ ಹೊಸ ಪಾಠವೇನಲ್ಲ. ಕಷ್ಟವಿರುವುದು ಮೂರನೆಯ ಪ್ರಶ್ನೆಯ ಮುಂದೆ ನಿಂತಾಗ. ಸಯೀದ್ ಅಲ್ಲಿ ನಿಂತು ತನ್ನವರಿಂದಲೇ ದೂರವಾದರು, ಆದರೆ ಮಾತು ಹಿಂತೆಗೆದುಕೊಳ್ಳಲಿಲ್ಲ. ಅವರನ್ನು ಹೊಗಳುವ ನಾವು ಹೊಗಳಿಕೆಯ ಮೊದಲು ಅವರ ಒಂದು ಪುಸ್ತಕವನ್ನಾದರೂ ಓದೋಣ. ಇಂಗ್ಲಿಷ್ ಬಲ್ಲ ಮಕ್ಕಳಿದ್ದರೆ ಆತ್ಮಕಥೆಯನ್ನೇ ಅವರ ಕೈಗೆ ಕೊಡಿ. ಊಟದ ಹೊತ್ತಿನಲ್ಲಿ ಅವರಿಂದ ಆ ಕಥೆ ಕೇಳಿ. ನಬೀಹಾ ಅತ್ತೆಯ ಪುಟಗಳಿಂದ ಆರಂಭಿಸಿದರೆ ಇನ್ನೂ ಒಳ್ಳೆಯದು.